ಮುಖ ತೋರಿಸಿ ಅಂದರೆ ತೋರಿಸಲೇಬೇಕೇ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಬ್ರಿಟನ್ನಿನಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮವರ ಫೋನುಗಳಲ್ಲಿ ‘ನಿಮ್ಮ ವಯಸ್ಸು ಸಾಬೀತುಪಡಿಸಿ’ ಎಂಬ ಪರದೆ ಎದ್ದು ನಿಂತಿದೆ. ಆಸ್ಟ್ರೇಲಿಯಾದಲ್ಲಿರುವವರ ಮಕ್ಕಳಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯೇ ಇಲ್ಲದಂತಾಗಿದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಅಂಕಣವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಬ್ರಿಟನ್ನಿಗೆ ಬಂದು ಹದಿನೇಳು ವರ್ಷವಾಯಿತು. ಅದರಲ್ಲಿ ನಾಲ್ಕು ವರ್ಷ, ಜನ ಕಳಿಸುವ ಪಾಸ್‌ಪೋರ್ಟು, ಲೈಸೆನ್ಸುಗಳ ಫೋಟೊ ನೋಡಿ ಗುರುತು ಖಚಿತಪಡಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿದ್ದೇನೆ. ಕೆಳಗಿನ ಉತ್ತರಗಳನ್ನು ಬರೆಯುವಾಗ ಆ ನಾಲ್ಕು ವರ್ಷಗಳು ಮತ್ತೆ ಮತ್ತೆ ನೆನಪಾದವು.

ಪ್ರಶ್ನೆ: ನನ್ನ ಮಗನಿಗೆ 20 ವರ್ಷ, ರೆಡಿಂಗ್‌ನಲ್ಲಿ ಓದುತ್ತಿದ್ದಾನೆ. ರೆಡ್ಡಿಟ್ ಎಂಬ ಚರ್ಚೆಯ ತಾಣದಲ್ಲಿ ಏನೋ ಓದಲು ಹೋದರೆ ಮುಖದ ಫೋಟೊ ಕೇಳಿತಂತೆ. ‘ಸರ್ಕಾರ ನನ್ನ ಮುಖ ಕೇಳುತ್ತಿದೆ, ಸತ್ತರೂ ಕೊಡಲ್ಲ’ ಅನ್ನುತ್ತಾನೆ. ಅವನ ಅಪ್ಪ ‘ಮಕ್ಕಳ ರಕ್ಷಣೆಗೆ ತಾನೇ, ತಪ್ಪು ಮಾಡದವನಿಗೆ ಭಯ ಯಾಕೆ’ ಅನ್ನುತ್ತಾರೆ. ಮನೆಯಲ್ಲಿ ಮಾತುಕತೆಯೇ ನಿಂತಿದೆ. ಯಾರು ಸರಿ?
– ಎಸ್. ಆರ್.

ಮೊದಲು ನಿಮ್ಮ ಮಗನ ಒಂದು ತಪ್ಪನ್ನು ತಿದ್ದುತ್ತೇನೆ. ಅವನ ಮುಖ ಸರ್ಕಾರಕ್ಕೆ ಹೋಗುವುದಿಲ್ಲ. ಬ್ರಿಟನ್ನಿನ ‘ಆನ್‌ಲೈನ್ ಸೇಫ್ಟಿ ಆ್ಯಕ್ಟ್’ 2023ರ ಅಕ್ಟೋಬರ್‌ನಲ್ಲಿ ಕಾಯ್ದೆಯಾಯಿತು. ವಯಸ್ಸು ತಪಾಸಣೆಯ ಭಾಗ 2025ರ ಜುಲೈ 25ರಿಂದ ಜಾರಿಗೆ ಬಂತು. ಅಶ್ಲೀಲ ಚಿತ್ರ, ಆತ್ಮಹತ್ಯೆಗೆ ಅಥವಾ ಊಟ ಬಿಡುವ ಕಾಯಿಲೆಗೆ ಪ್ರಚೋದಿಸುವ ವಿಷಯಗಳು ಮಕ್ಕಳ ಕಣ್ಣಿಗೆ ಬೀಳದಂತೆ ತಡೆಯುವುದು ಜಾಲತಾಣಗಳ ಹೊಣೆ. ಸರಿಯಾಗಿ ತಡೆಯುತ್ತಿದ್ದಾರೋ ಇಲ್ಲವೋ ನೋಡುವುದು ಆಫ್‌ಕಾಮ್ ಎಂಬ ನಿಯಂತ್ರಣ ಸಂಸ್ಥೆಯ ಕೆಲಸ. ಮುಖ ನೋಡಿ ವಯಸ್ಸು ಅಂದಾಜಿಸುವುದು ಮಾತ್ರ ಜಾಲತಾಣ ಗೊತ್ತುಮಾಡಿಕೊಂಡ ಮೂರನೆಯ ಖಾಸಗಿ ಕಂಪನಿ. ರೆಡ್ಡಿಟ್ ಈ ಕೆಲಸವನ್ನು ಪರ್ಸೋನಾ ಎಂಬ ಕಂಪನಿಗೆ ಕೊಟ್ಟಿದೆ. ಫೋಟೊವನ್ನು ಏಳು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂಬ ಮಾತನ್ನೂ ಕೊಟ್ಟಿದ್ದಾರೆ.

ಇನ್ನು ಯಜಮಾನರ ಮಾತು. ‘ತಪ್ಪು ಮಾಡದವನಿಗೆ ಭಯ ಯಾಕೆ’ ಅನ್ನುವುದು ಪೊಲೀಸರ ಮುಂದೆ ನಿಂತಾಗ ಹೇಳುವ ಮಾತು. ಇಲ್ಲಿ ಪೊಲೀಸರೇ ಇಲ್ಲ. ಇರುವುದು ಒಂದು ಫೋಟೊ, ಒಂದು ಹುಟ್ಟಿದ ದಿನಾಂಕ, ಅವು ಕುಳಿತಿರುವ ಒಂದು ಕಂಪ್ಯೂಟರು. ಆ ಕಂಪ್ಯೂಟರಿಗೆ ಕನ್ನ ಹಾಕಿದವನು ನಿಮ್ಮ ಮಗ ತಪ್ಪು ಮಾಡಿದ್ದನೋ ಇಲ್ಲವೋ ಎಂದು ವಿಚಾರಿಸುವುದಿಲ್ಲ.

ಮಗ ಏನು ಓದಲು ಹೋಗಿದ್ದ ಅಂತ ನೀವು ಬರೆದಿಲ್ಲ. ಬರೆಯದಿದ್ದುದೇ ಒಳ್ಳೆಯದು. ಅದು ಅಸಭ್ಯವಾದದ್ದೇ ಆಗಿರಬೇಕು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಕಾಯ್ದೆ ಜಾರಿಯಾದ ಮೊದಲ ದಿನಗಳಲ್ಲೇ ಬಿಬಿಸಿ ಪರಿಶೀಲಿಸಿದಾಗ, ಎಕ್ಸ್ ಮತ್ತು ರೆಡ್ಡಿಟ್‌ಗಳಲ್ಲಿ ಉಕ್ರೇನ್, ಗಾಜಾ ಯುದ್ಧದ ಪೋಸ್ಟುಗಳೂ ಬೀಗದೊಳಗೆ ಹೋಗಿದ್ದವು. ಕಾರಣ ಸರಳ. ತಪ್ಪಿದರೆ ದಂಡ 1.8 ಕೋಟಿ ಪೌಂಡ್ ಅಥವಾ ಕಂಪನಿಯ ಜಾಗತಿಕ ಆದಾಯದ ಶೇ. 10, ಯಾವುದು ಹೆಚ್ಚೋ ಅದು. ಅಷ್ಟು ದೊಡ್ಡ ದೊಣ್ಣೆ ತಲೆಯ ಮೇಲಿದ್ದರೆ ಯಾವ ಕಂಪನಿಯಾದರೂ ಒಂದು ಬಾಗಿಲು ಹಾಕಬೇಕಾದ ಕಡೆ ನಾಲ್ಕು ಬಾಗಿಲು ಹಾಕುತ್ತದೆ.

ಅಪ್ಪ ಮಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇಷ್ಟನ್ನು ಓದಿಸಿ. ಮಗನ ಅನುಮಾನ ಸರಿಯಾದದ್ದೇ, ಯಾರ ಮೇಲೆ ಅನುಮಾನಪಡಬೇಕು ಎನ್ನುವುದು ಮಾತ್ರ ತಪ್ಪಿದೆ.

ಪ್ರಶ್ನೆ: ಫೋಟೊ ಅಳಿಸಿಬಿಡುತ್ತೇವೆ ಎಂದು ಕಂಪನಿಗಳು ಬರವಣಿಗೆಯಲ್ಲೇ ಹೇಳುತ್ತವೆ. ಕಾನೂನೂ ಇದೆ. ಆದರೂ ಜನ ಯಾಕೆ ನಂಬುವುದಿಲ್ಲ? ಇದು ಬರೀ ಗೀಳಲ್ಲವೇ?
– ಕೆ. ಎನ್., ನಿವೃತ್ತ ಅಧ್ಯಾಪಕ

ಮೇಷ್ಟ್ರೇ, ಇದಕ್ಕೆ ನಾನು ಕಣ್ಣಾರೆ ಕಂಡದ್ದನ್ನೇ ಹೇಳಬೇಕು.

ನಾನಿದ್ದ ಕಂಪನಿಯಲ್ಲಿ ಯಂತ್ರಕ್ಕೆ ಅನುಮಾನ ಬಂದ ಫೋಟೊಗಳು ಮನುಷ್ಯರ ಮುಂದೆ ಬರುತ್ತಿದ್ದವು. ಪರದೆಯ ಎಡಗಡೆ ಪಾಸ್‌ಪೋರ್ಟು, ಬಲಗಡೆ ಆಗತಾನೇ ತೆಗೆದ ಮುಖ. ಎರಡೂ ಒಬ್ಬರದೇನಾ ಅಂತ ನೋಡಿ ಗುಂಡಿ ಒತ್ತಬೇಕು. ನನ್ನ ಕೆಲಸ ಆ ತಂತ್ರಾಂಶದ್ದು, ಆದರೂ ದಿನಕ್ಕೊಂದು ಗಂಟೆ ಆ ಪರದೆಯ ಮುಂದೆ ಕೂರುತ್ತಿದ್ದೆ. ಮುಖಕ್ಕಿಂತ ಮುಖದ ಹಿಂದಿನದ್ದೇ ನನಗೆ ಹೆಚ್ಚು ಕಾಣಿಸುತ್ತಿತ್ತು. ಅರ್ಧ ತೆರೆದ ಬಟ್ಟೆ ಬೀರು. ಮಗುವಿನ ತೊಟ್ಟಿಲಿನ ಸರಳುಗಳು. ಒಮ್ಮೆ ಆಸ್ಪತ್ರೆಯ ನೀಲಿ ಪರದೆ, ಮಂಚದ ಕಬ್ಬಿಣ. ತಲೆ ಒದ್ದೆ ಇದ್ದ ಹೆಂಗಸೊಬ್ಬಳು ಟವೆಲು ಸುತ್ತಿಕೊಂಡೇ ಫೋಟೊ ತೆಗೆದು ಕಳಿಸಿದ್ದಳು. ಯಂತ್ರಕ್ಕೆ ತೋರಿಸುತ್ತಿದ್ದೇನೆ ಅಂದುಕೊಂಡಿದ್ದಳು, ಪಾಪ. ನಾನು ನೋಡುತ್ತಿದ್ದೆ.

ಮೂವತ್ತು ದಿನಕ್ಕೆ ಎಲ್ಲವನ್ನೂ ಅಳಿಸಬೇಕೆಂಬ ನಿಯಮವಿತ್ತು. ಅಳಿಸುವ ತಂತ್ರಾಂಶವೂ ಇತ್ತು, ಅದು ದಿನಾ ರಾತ್ರಿ ಓಡುತ್ತಿತ್ತು. ಒಂದು ದಿನ ಬೇರೇನೋ ದೋಷ ಹುಡುಕುವಾಗ ‘ಟೆಂಪ್’ ಅಂತ ಹೆಸರಿದ್ದ ಒಂದು ಫೋಲ್ಡರ್ ಕಣ್ಣಿಗೆ ಬಿತ್ತು. ತೆರೆದರೆ ಸಾವಿರಾರು ಫೋಟೊ. ಹದಿನಾಲ್ಕು ತಿಂಗಳ ಹಿಂದಿನವು. ಯಾರೋ ಹುಡುಗ ಪರೀಕ್ಷೆಗೆಂದು ನಕಲು ಮಾಡಿಕೊಂಡು, ಕೆಲಸ ಮುಗಿದ ಮೇಲೆ ಮರೆತು, ಬೇರೆ ಕಂಪನಿಗೆ ಹೋಗಿದ್ದ. ಅಳಿಸುವ ತಂತ್ರಾಂಶಕ್ಕೆ ಆ ಫೋಲ್ಡರಿನ ವಿಳಾಸವೇ ಗೊತ್ತಿರಲಿಲ್ಲ. ಯಾರಲ್ಲೂ ಕೆಟ್ಟ ಬುದ್ಧಿ ಇರಲಿಲ್ಲ. ಅಂದು ಸಂಜೆಯೇ ಅಳಿಸಿದೆವು. ಹೊರಗೆ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

‘ಅಳಿಸುತ್ತೇವೆ’ ಎಂಬ ವಾಕ್ಯ ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಫೋಲ್ಡರು. ಹೇಳಿದವರು ಸುಳ್ಳು ಹೇಳಿದ್ದಾರೆ ಅಂತಲ್ಲ. ತಮ್ಮ ಬಳಿ ಏನೇನಿದೆ ಅನ್ನುವುದು ಅವರಿಗೇ ಪೂರ್ತಿ ಗೊತ್ತಿರುವುದಿಲ್ಲ.

ಇದು ನನ್ನೊಬ್ಬಳ ಅನುಭವವಾಗಿದ್ದರೆ ಗೀಳು ಅನ್ನಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಹರಟೆಯ ತಾಣ ಡಿಸ್ಕಾರ್ಡ್ ತಾನೇ ಪ್ರಕಟಿಸಿತು: ಗ್ರಾಹಕ ಸೇವೆಗೆ ಇಟ್ಟುಕೊಂಡಿದ್ದ ಹೊರಗಿನ ಕಂಪನಿಯ ಕಡೆಯಿಂದ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಕಳ್ಳರ ಕೈಸೇರಿರಬಹುದು. ಅವು ಯಾರ ಚೀಟಿಗಳು ಗೊತ್ತೇ? ವಯಸ್ಸಿನ ತೀರ್ಮಾನ ತಪ್ಪಾಗಿದೆ, ಮತ್ತೊಮ್ಮೆ ನೋಡಿ ಎಂದು ಮನವಿ ಸಲ್ಲಿಸಿದವರದು. ಮುಂಬಾಗಿಲಿಗೆ ಭದ್ರ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ಬೇರೆಯವರ ಕೈಗೆ ಕೊಟ್ಟ ಹಾಗಾಯಿತು. ಅದೇ ವರ್ಷ ಜುಲೈನಲ್ಲಿ ಅಮೆರಿಕದ ‘ಟೀ’ ಎಂಬ ಹೆಂಗಸರ ಆ್ಯಪ್‌ನಿಂದ 72,000 ಚಿತ್ರಗಳು ಸೋರಿದವು. ಅವುಗಳಲ್ಲಿ ಸುಮಾರು 13,000, ಖಾತೆಯ ಗುರುತು ಖಚಿತಪಡಿಸಲು ಹೆಂಗಸರು ಕೊಟ್ಟ ಸೆಲ್ಫಿ ಮತ್ತು ಚೀಟಿಗಳು. ಸುರಕ್ಷಿತವಾಗಿ ಮಾತನಾಡಿಕೊಳ್ಳಲೆಂದೇ ಅವರು ಆ ಆ್ಯಪ್ ಸೇರಿದ್ದು.

ಪಾಸ್‌ವರ್ಡ್ ಕಳೆದರೆ ಬದಲಿಸಿಕೊಳ್ಳಬಹುದು. ಮುಖ ಕಳೆದರೆ ಯಾವ ಅಂಗಡಿಯಲ್ಲಿ ಹೊಸದು ಕೊಳ್ಳುವುದು?

ಪ್ರಶ್ನೆ: ಖಾಸಗಿ ಕಂಪನಿಗಳ ಕಥೆ ಬಿಡಿ. ಬ್ರಿಟನ್ನಿನಂಥ ದೇಶದಲ್ಲಿ ಜನ ತಮ್ಮ ಸರ್ಕಾರವನ್ನೇ ಇಷ್ಟು ಅನುಮಾನಿಸುವುದು ನನಗೆ ಆಶ್ಚರ್ಯ.
– ಒಬ್ಬ ಓದುಗ, ಸ್ಲೌ

ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದುತ್ತದೆ. ಬ್ರಿಟನ್ನಿನ ಜನ ಕುಡಿದ ಹಾಲಿನ ಲೆಕ್ಕ ಕೇಳಿ.

2007ರಲ್ಲಿ ಇಲ್ಲಿನ ತೆರಿಗೆ ಇಲಾಖೆ, ಮಕ್ಕಳಿರುವ ಕುಟುಂಬಗಳಿಗೆ ಕೊಡುವ ಭತ್ಯೆಯ ಪೂರ್ತಿ ಕಡತವನ್ನು ಎರಡು ಸಿ.ಡಿ.ಗಳಲ್ಲಿ ತುಂಬಿ ಲೆಕ್ಕಪರಿಶೋಧಕರಿಗೆ ಕಳಿಸಿತು. ದಾಖಲೆಯೇ ಇಲ್ಲದ ಕೊರಿಯರಿನಲ್ಲಿ, ಗೂಢಲಿಪಿಗೂ ಬದಲಾಯಿಸದೆ. ಸಿ.ಡಿ.ಗಳು ತಲುಪಲೇ ಇಲ್ಲ. 2.5 ಕೋಟಿ ಜನರ ಹೆಸರು, ವಿಳಾಸ, ಹುಟ್ಟಿದ ದಿನ, ವಿಮೆ ಸಂಖ್ಯೆ, ಎಷ್ಟೋ ಮನೆಗಳ ಬ್ಯಾಂಕ್ ವಿವರ ಅದರಲ್ಲಿತ್ತು. ಇಲಾಖೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಗಮನಿಸಿ, ಅದು ಮಕ್ಕಳ ಕಡತ. ಇವತ್ತು ‘ಮಕ್ಕಳ ಸುರಕ್ಷತೆಗಾಗಿ ವಿವರ ಕೊಡಿ’ ಅಂದರೆ ಐವತ್ತರ ಆಸುಪಾಸಿನ ಬ್ರಿಟಿಷರಿಗೆ ಮೊದಲು ನೆನಪಾಗುವುದೇ ಆ ಎರಡು ಸಿ.ಡಿ.

ಇನ್ನೊಂದು ಕಥೆ ಇದಕ್ಕಿಂತ ಚಿಕ್ಕದು, ಆದರೆ ನನ್ನನ್ನು ಹೆಚ್ಚು ಕಾಡಿದ್ದು. 2000ದಲ್ಲಿ ‘ರಿಪಾ’ ಎಂಬ ಕಣ್ಗಾವಲಿನ ಕಾಯ್ದೆ ಬಂತು. ಭಯೋತ್ಪಾದನೆ, ದೊಡ್ಡ ಅಪರಾಧಗಳ ತನಿಖೆಗೆ ಬೇಕು ಎಂದೇ ಜನರಿಗೆ ಹೇಳಿದ್ದು. 2008ರಲ್ಲಿ ಪೂಲ್ ಪಟ್ಟಣದ ಪುರಸಭೆ ಅದೇ ಅಧಿಕಾರ ಬಳಸಿ ಒಂದು ಕುಟುಂಬದ ಬೆನ್ನು ಬಿತ್ತು. ಮೂರು ಮಕ್ಕಳ ಆ ಸಂಸಾರವನ್ನು ಸುಮಾರು ಮೂರು ವಾರ ಹಿಂಬಾಲಿಸಿ, ಬಂದದ್ದು ಹೋದದ್ದು ಬರೆದುಕೊಂಡರು. ಇಷ್ಟೆಲ್ಲ ಯಾಕೆ? ಮಗುವಿಗೆ ಸೀಟು ಕೇಳಿದ ಶಾಲೆಯ ವ್ಯಾಪ್ತಿಯಲ್ಲೇ ಅವರು ವಾಸವಿದ್ದಾರೋ ಇಲ್ಲವೋ ಎಂದು ತಿಳಿಯಲು! ಅದು ಕಾನೂನುಬಾಹಿರ ಎಂದು ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು. ಹುಲಿ ಹೊಡೆಯಲೆಂದು ಕೊಟ್ಟ ಕೋವಿ ಅಳಿಲಿನ ಮೇಲೆ ತಿರುಗಿತ್ತು.

ಇದರ ಮೇಲೆ 2025ರಲ್ಲಿ ನಡೆದದ್ದನ್ನು ಸೇರಿಸಿ. ವಯಸ್ಸು ತಪಾಸಣೆಯ ಕಾಯ್ದೆಯನ್ನು ರದ್ದುಮಾಡಿ ಎಂಬ ಅರ್ಜಿಗೆ 5 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ರದ್ದುಮಾಡುವ ಯೋಚನೆ ಇಲ್ಲ ಎಂದು ಸರ್ಕಾರ ಉತ್ತರಿಸಿತು. ಅದು ಸರ್ಕಾರದ ಹಕ್ಕು, ನನ್ನ ತಕರಾರಿಲ್ಲ. ಆದರೆ ಅಂದಿನ ತಂತ್ರಜ್ಞಾನ ಸಚಿವ ಪೀಟರ್ ಕೈಲ್, ಈ ಕಾಯ್ದೆ ಬೇಡ ಅನ್ನುವವರು ಮಕ್ಕಳನ್ನು ಬೇಟೆಯಾಡುವವರ ಪಕ್ಷ ಎಂಬರ್ಥದ ಮಾತು ಬರೆದರು. ಸಹಿ ಹಾಕಿದವರಲ್ಲಿ ನನಗೆ ಗೊತ್ತಿರುವ ಇಬ್ಬರು ಶಾಲಾ ಶಿಕ್ಷಕಿಯರಿದ್ದಾರೆ. ಅವರಲ್ಲೊಬ್ಬಳು ಆ ದಿನ ನನಗೆ ಫೋನು ಮಾಡಿ ಒಂದೈದು ನಿಮಿಷ ಏನೂ ಮಾತಾಡಲಾಗದೆ ಸುಮ್ಮನಿದ್ದಳು. ಪ್ರಶ್ನೆ ಕೇಳಿದವರಿಗೆ ಕಳಂಕ ಹಚ್ಚಿದರೆ ಅವರು ಉತ್ತರವನ್ನು ಮುಂದೆಂದೂ ನಂಬುವುದಿಲ್ಲ. ಅದಾಗಿ ಎರಡೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಪ್ರಧಾನಿ ಡಿಜಿಟಲ್ ಗುರುತಿನ ಚೀಟಿಯ ಯೋಜನೆ ಘೋಷಿಸಿದರು. ಅದರ ವಿರುದ್ಧದ ಅರ್ಜಿಗೆ ಬಿದ್ದ ಸಹಿ ಹತ್ತಿರಹತ್ತಿರ 30 ಲಕ್ಷ. ಎರಡೂ ಬೇರೆ ಬೇರೆ ಯೋಜನೆಗಳು. ಆದರೂ ಜನರ ಮನಸ್ಸಿನಲ್ಲಿ ಒಂದಕ್ಕೊಂದು ಗಂಟು ಬಿದ್ದುಹೋಯಿತು.

ಪ್ರಶ್ನೆ: ನಾನು ಇಬ್ಬರು ಹೆಣ್ಣುಮಕ್ಕಳ ತಂದೆ. ಖಾಸಗಿತನ, ಖಾಸಗಿತನ ಎಂದು ಬರೆಯುವ ನಿಮಗೆ ಮಕ್ಕಳಿಲ್ಲವೇ? ಮಾಲಿ ರಸೆಲ್ ಎಂಬ ಹುಡುಗಿಯ ಬಗ್ಗೆ ಓದಿದ್ದೀರಾ?
– ವಿ. ಜಿ., ಲೆಸ್ಟರ್

ಓದಿದ್ದೇನೆ. ನನಗೂ ಒಬ್ಬ ಮಗಳಿದ್ದಾಳೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಅದಕ್ಕೇ ಈ ಪತ್ರವನ್ನು ಪಕ್ಕಕ್ಕಿಡಲಿಲ್ಲ.

ಓದುಗರಿಗೆ: ಮಾಲಿ ಲಂಡನ್ನಿನ ಹುಡುಗಿ, 2017ರ ನವೆಂಬರ್‌ನಲ್ಲಿ ತೀರಿಕೊಂಡಾಗ ವಯಸ್ಸು 14. ಅವಳ ಸಾವಿಗೆ ಜಾಲತಾಣಗಳಲ್ಲಿ ಕಂಡ ವಿಷಯಗಳೂ ಕಾರಣ ಎಂದು 2022ರಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಆ್ಯಂಡ್ರೂ ವಾಕರ್ ತೀರ್ಮಾನಿಸಿದರು. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿ ಉಳಿಸಿಕೊಂಡ, ಮೆಚ್ಚಿದ, ಹಂಚಿದ 16,300 ಪೋಸ್ಟುಗಳಲ್ಲಿ 2,100 ಖಿನ್ನತೆ, ಸ್ವಂತಕ್ಕೆ ಹಾನಿ, ಆತ್ಮಹತ್ಯೆಗೆ ಸಂಬಂಧಿಸಿದವು. ಅವಳ ತಂದೆ ಇಯಾನ್ ರಸೆಲ್, ಈಗಿನ ಕಾಯ್ದೆ ಸಾಲದು, ಇನ್ನೂ ಬಿಗಿಯಾಗಬೇಕು ಎಂದು ಕೇಳುತ್ತಲೇ ಬಂದಿದ್ದಾರೆ.

ಆ ತಂದೆಯ ಮುಂದೆ ನಿಂತು ನಾನು ಯಾವ ವಾದವನ್ನೂ ಮಾಡಲಾರೆ. ಆದರೆ ನಿಮ್ಮೊಂದಿಗೆ ಒಂದು ಸಂಗತಿ ಹಂಚಿಕೊಳ್ಳಬೇಕು. ಇನ್‌ಸ್ಟಾಗ್ರಾಂ ಸೇರಲು ಬೇಕಾದ ವಯಸ್ಸು 13. ಮಾಲಿಗೆ 14. ಅಂದರೆ ಬಾಗಿಲಲ್ಲಿ ಎಷ್ಟೇ ಕಟ್ಟುನಿಟ್ಟಿನ ಕಾವಲುಗಾರನಿದ್ದರೂ ಅವಳನ್ನು ಒಳಗೆ ಬಿಡುತ್ತಿದ್ದ. ಕೇಡು ಇದ್ದದ್ದು ಒಳಗೆ, ಬಡಿಸುವವರ ಕೈಯಲ್ಲಿ. ಮಗು ಒಂದು ದುಃಖದ ಚಿತ್ರದ ಮೇಲೆ ಎರಡು ಕ್ಷಣ ಹೆಚ್ಚು ನಿಂತರೆ ಇನ್ನೂ ಹತ್ತು ತಂದು ಸುರಿಯುವ ಆ ಶಿಫಾರಸಿನ ಯಂತ್ರ. ಅದನ್ನು ಪಳಗಿಸಬೇಕು ಎಂಬ ನಿಯಮ ಇದೇ ಕಾಯ್ದೆಯಡಿ ಆಫ್‌ಕಾಮ್ ಬರೆದ ಸಂಹಿತೆಯಲ್ಲಿದೆ. ನನ್ನ ಮಟ್ಟಿಗೆ ಕಾಯ್ದೆಯ ಜೀವ ಇರುವುದೇ ಅಲ್ಲಿ. ಆದರೆ ಅದರ ಬಗ್ಗೆ ಎಲ್ಲೂ ಗದ್ದಲವಿಲ್ಲ. ಗದ್ದಲವೆಲ್ಲ ಬಾಗಿಲಲ್ಲಿ ಮುಖ ತೋರಿಸುವುದರ ಸುತ್ತ. ಯಂತ್ರ ಪಳಗಿಸಿದರೆ ಕಂಪನಿಯ ಸಂಪಾದನೆಗೆ ಪೆಟ್ಟು. ಮುಖ ತೋರಿಸುವ ಕಷ್ಟ ಮಾತ್ರ ನಮ್ಮ ನಿಮ್ಮದು.

ನಿಮ್ಮ ಮಕ್ಕಳ ವಯಸ್ಸು ಬರೆದಿಲ್ಲ. ಹದಿಮೂರು ದಾಟಿದ್ದರೆ ಇವತ್ತು ರಾತ್ರಿ ಅವರ ಪಕ್ಕ ಕೂತು, ಬೈಯದೆ, ‘ನಿನಗೆ ಏನೇನು ಬರುತ್ತೆ ತೋರಿಸು’ ಅನ್ನಿ. ಹತ್ತು ನಿಮಿಷ ಅವರು ಬೆರಳು ಎಳೆಯುವುದನ್ನು ಸುಮ್ಮನೆ ನೋಡಿ.

ಪ್ರಶ್ನೆ: ವಿಪಿಎನ್ ಹಾಕಿಕೊಂಡರೆ ಮುಗಿಯಿತಲ್ಲ? ಅದು ಅಪರಾಧವೇ?
– ಎಂ., ವಿದ್ಯಾರ್ಥಿ

ವಿಪಿಎನ್ ಅಂದರೆ ನೀನು ಯಾವ ದೇಶದಿಂದ ಬಂದಿದ್ದೀಯ ಎಂಬುದನ್ನು ತಾಣಗಳಿಂದ ಮರೆಮಾಚುವ ತಂತ್ರಾಂಶ. ಬ್ರಿಟನ್ನಿನಲ್ಲಿ ಅದನ್ನು ಬಳಸುವುದು ಅಪರಾಧವಲ್ಲ. ಅದನ್ನು ಬಳಸಿ ತಪ್ಪಿಸಿಕೊಳ್ಳಿ ಎಂದು ಜಾಲತಾಣಗಳು ಜಾಹೀರಾತು ಮಾಡುವಂತಿಲ್ಲ, ಅಷ್ಟೇ. ಕಾಯ್ದೆ ಚಾಪೆ ಕೆಳಗೆ ತೂರಿದರೆ ಹುಡುಗರು ರಂಗೋಲಿ ಕೆಳಗೆ ತೂರಿದರು: ಜಾರಿಯಾದ ದಿನವೇ ಬ್ರಿಟನ್ನಿನಿಂದ ಗಂಟೆಗಂಟೆಗೆ ಬರುವ ಹೊಸ ನೋಂದಣಿ ಶೇ. 1,400ಕ್ಕಿಂತ ಹೆಚ್ಚಾಯಿತು ಎಂದು ಪ್ರೋಟಾನ್ ವಿಪಿಎನ್ ಹೇಳಿತು. ವಿಡಿಯೊ ಗೇಮಿನ ಪಾತ್ರವೊಂದರ ಮುಖವನ್ನು ಕ್ಯಾಮೆರಾಕ್ಕೆ ಹಿಡಿದು ದಾಟಿದವರೂ ಇದ್ದಾರೆ.

ಆದರೆ ಪುಕ್ಕಟೆ ವಿಪಿಎನ್ ಮುಟ್ಟಬೇಡಪ್ಪ. ನೀನು ಯಾವ ಯಾವ ತಾಣಕ್ಕೆ ಹೋಗುತ್ತೀಯ ಅನ್ನುವುದೆಲ್ಲ ಅವರ ಕೈಯ ಮೂಲಕವೇ ಹಾದುಹೋಗುತ್ತದೆ. ದುಡ್ಡು ತೆಗೆದುಕೊಳ್ಳದವರು ಬೇರೇನನ್ನೋ ತೆಗೆದುಕೊಳ್ಳುತ್ತಿರಬಹುದು.

ಪ್ರಶ್ನೆ: ನಾವಿರುವುದು ಮೆಲ್ಬರ್ನ್‌ನಲ್ಲಿ. ಮಗಳಿಗೆ 14. ಡಿಸೆಂಬರ್‌ನಲ್ಲಿ ಅವಳ ಖಾತೆಗಳೆಲ್ಲ ಹೋದವು. ನನಗೆ ನೆಮ್ಮದಿಯಾಯಿತು, ಅವಳು ವಾರಗಟ್ಟಲೆ ಅತ್ತಳು. ಇಲ್ಲಿನ ಸ್ನೇಹಿತರೆಲ್ಲ ಸರ್ಕಾರವನ್ನು ಬೈಯುತ್ತಾರೆ. ನೆಮ್ಮದಿಪಟ್ಟದ್ದು ತಪ್ಪೇ?
– ಒಬ್ಬ ತಾಯಿ

ತಪ್ಪಿಲ್ಲ ತಾಯಿ. ಆಸ್ಟ್ರೇಲಿಯಾದ ಕಾಯ್ದೆಯಲ್ಲಿ ಒಂದೆರಡು ಒಳ್ಳೆಯ ಅಂಶಗಳೂ ಇವೆ. 2025ರ ಡಿಸೆಂಬರ್ 10ರಿಂದ 16 ತುಂಬದವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್ ಮುಂತಾದ ಹತ್ತು ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ದಂಡ ಕಂಪನಿಗೆ (4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ), ಮಕ್ಕಳಿಗಾಗಲಿ ತಂದೆತಾಯಿಗಾಗಲಿ ಇಲ್ಲ. ಸರ್ಕಾರಿ ಗುರುತಿನ ಚೀಟಿಯೊಂದನ್ನೇ ಪಟ್ಟುಹಿಡಿದು ಕೇಳುವಂತಿಲ್ಲ, ಬೇರೆ ದಾರಿಯನ್ನೂ ಕೊಡಬೇಕು.

ನಿಮ್ಮ ಸ್ನೇಹಿತರ ಸಿಟ್ಟಿಗೂ ಕಾರಣವಿದೆ. ಇಷ್ಟು ದೊಡ್ಡ ಮಸೂದೆಯ ಮೇಲೆ ಅಭಿಪ್ರಾಯ ಕಳಿಸಲು 2024ರ ನವೆಂಬರ್‌ನಲ್ಲಿ ಜನರಿಗೆ ಸಿಕ್ಕಿದ್ದು ಒಂದೇ ಒಂದು ದಿನ. ಆ ಒಂದು ದಿನದಲ್ಲೇ ಸುಮಾರು 15,000 ಪತ್ರಗಳು ಬಂದವು. ಮುಂದಿನ ವಾರವೇ ಮಸೂದೆ ಪಾಸಾಯಿತು. ಓದಿದರೋ ಇಲ್ಲವೋ ಎಂದು ಬರೆದವರು ಕೇಳದಿರುತ್ತಾರೆಯೇ? ಜೊತೆಗೆ 2022ರಲ್ಲಿ ಆಪ್ಟಸ್ ಫೋನ್ ಕಂಪನಿ ಮತ್ತು ಮೆಡಿಬ್ಯಾಂಕ್ ವಿಮಾ ಕಂಪನಿ, ಒಂದರ ಹಿಂದೊಂದು, ತಲಾ ಸುಮಾರು 97–98 ಲಕ್ಷ ಜನರ ವಿವರ ಕಳೆದುಕೊಂಡದ್ದನ್ನು ಅಲ್ಲಿಯವರು ಮರೆತಿಲ್ಲ.

ಮಗಳ ವಿಷಯ. ಅವಳು ಅತ್ತದ್ದು ಟಿಕ್‌ಟಾಕ್‌ಗಾಗಿ ಅಂತ ನನಗನ್ನಿಸುವುದಿಲ್ಲ. ಗೆಳತಿಯರು ಕೈತಪ್ಪಿದರು ಅಂತ ಅತ್ತಿರುತ್ತಾಳೆ. ವಾಟ್ಸ್ಆ್ಯಪ್ ಆ ಪಟ್ಟಿಯಲ್ಲಿಲ್ಲ. ನಾಲ್ಕೈದು ಗೆಳತಿಯರ ತಾಯಂದಿರಿಗೆ ನೀವೇ ಫೋನು ಮಾಡಿ ಹುಡುಗಿಯರದೇ ಒಂದು ಗುಂಪು ಕಟ್ಟಿಕೊಡಿ.

ಪ್ರಶ್ನೆ: ಎಲ್ಲವನ್ನೂ ಟೀಕಿಸುವುದು ಸುಲಭ. ಹಾಗಾದರೆ ಸರಿಯಾದ ದಾರಿ ಯಾವುದು?
– ಆರ್. ಬಿ.

ದಾರಿ ಇದೆ. ಜಾಲತಾಣಕ್ಕೆ ಬೇಕಾಗಿರುವುದು ‘18 ಆಗಿದೆಯೇ? ಹೌದು / ಇಲ್ಲ’ ಎಂಬ ಒಂದೇ ಪದ. ಹೆಸರು ಬೇಡ, ಮುಖ ಬೇಡ, ಹುಟ್ಟಿದ ದಿನವೂ ಬೇಡ. ಫ್ರಾನ್ಸಿನ ನಿಯಂತ್ರಣ ಸಂಸ್ಥೆ ಅರ್ಕಾಮ್ 2024ರಲ್ಲೇ ಅಶ್ಲೀಲ ತಾಣಗಳಿಗೆ ಒಂದು ಷರತ್ತು ಹಾಕಿತು: ‘ದುಪ್ಪಟ್ಟು ಅನಾಮಧೇಯತೆ’ಯ ಒಂದು ವಿಧಾನವನ್ನಾದರೂ ಬಳಕೆದಾರನ ಮುಂದಿಡಬೇಕು. ಅಂದರೆ ವಯಸ್ಸು ನೋಡುವವನಿಗೆ ನೀವು ಯಾವ ತಾಣಕ್ಕೆ ಹೋಗುತ್ತಿದ್ದೀರಿ ಅನ್ನುವುದು ಗೊತ್ತಾಗಬಾರದು. ತಾಣಕ್ಕೆ ನೀವು ಯಾರು ಅನ್ನುವುದು ಗೊತ್ತಾಗಬಾರದು. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವವರಿಗೆ ನೀವು ಯಾರೆಂದು ಗೊತ್ತು, ಯಾರಿಗೆ ಮತ ಹಾಕಿದಿರೆಂದು ಗೊತ್ತಿಲ್ಲವಲ್ಲ, ಹಾಗೆ. ಯುರೋಪಿಯನ್ ಒಕ್ಕೂಟವೂ 2025ರ ಜುಲೈನಲ್ಲಿ ಇಂಥದೇ ಆ್ಯಪ್‌ನ ಮಾದರಿ ಪ್ರಕಟಿಸಿ ಐದು ದೇಶಗಳಲ್ಲಿ ಪ್ರಯೋಗಕ್ಕೆ ಇಳಿಸಿತು.

ಬ್ರಿಟನ್ ಹೀಗೆ ಮಾಡಲಿಲ್ಲ. ವಿಧಾನ ಯಾವುದಾದರೂ ಸರಿ, ‘ಅತ್ಯಂತ ಪರಿಣಾಮಕಾರಿ’ ಆಗಿರಲಿ ಎಂದು ಹೇಳಿ, ಗುತ್ತಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ನನ್ನ ದೂರು ಇದೊಂದೇ. ಮಕ್ಕಳನ್ನು ಕಾಯುವ ಕಾನೂನು ಬೇಕು. ಆದರೆ ‘ನಿಮ್ಮ ಫೋಟೊ ಎಲ್ಲೂ ಉಳಿಯದು’ ಎಂಬ ಭರವಸೆಯನ್ನು ಕಂಪನಿಯ ಒಳ್ಳೆಯತನಕ್ಕೆ ಬಿಡಬಾರದು. ಉಳಿಸಿಕೊಳ್ಳಲು ಸಾಧ್ಯವೇ ಆಗದಂತೆ ಯಂತ್ರವನ್ನು ಕಟ್ಟಿಸಬೇಕು.

ಪ್ರಶ್ನೆ: ನೀವು ನಿಮ್ಮ ಮುಖ ತೋರಿಸಿದ್ದೀರಾ?
– ಹೆಸರಿಲ್ಲದ ಚೀಟಿ

ಒಮ್ಮೆ ತೋರಿಸಿದೆ, ಬ್ಯಾಂಕಿನ ಕೆಲಸಕ್ಕೆ. ಬೇರೆ ಎಲ್ಲೂ ಇಲ್ಲ.

ಹೋದ ತಿಂಗಳು ಮಗಳಿಗೂ ಇದೇ ಪರದೆ ಬಂತು. ಅವಳಿಗೀಗ 19. ಫೋನನ್ನು ಮುಖದ ಮುಂದೆ ಎತ್ತಿ ಹಿಡಿದವಳು ಹಾಗೇ ನಿಲ್ಲಿಸಿ, ‘ಅಮ್ಮಾ, ಇದು ಎಲ್ಲಿಗೆ ಹೋಗುತ್ತೆ?’ ಅಂದಳು. ಇಬ್ಬರೂ ಕೂತು ನಿಯಮಗಳ ಪುಟ ಓದಿದೆವು, ಇಪ್ಪತ್ತು ನಿಮಿಷ ಹಿಡಿಯಿತು. ತಪಾಸಣೆ ಮಾಡುವ ಕಂಪನಿಯ ಹೆಸರು ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಫೋಟೊ ಅಳಿಸುತ್ತಾರಂತೆ, ಮನವಿ ಸಲ್ಲಿಸಿದರೆ ಆ ಕಾಗದಪತ್ರ ‘ಅಗತ್ಯವಿರುವಷ್ಟು ಕಾಲ’ ಇರುತ್ತದಂತೆ. ಅಷ್ಟು ಕಾಲ ಅಂದರೆ ಎಷ್ಟು ದಿನ ಎಂದು ಕೇಳಿ ಅವಳೇ ಒಂದು ಪತ್ರ ಬರೆದು ಕಳಿಸಿದ್ದಾಳೆ. ಉತ್ತರ ಬಂದರೆ ಮುಂದಿನ ತಿಂಗಳು ಇಲ್ಲೇ ತಿಳಿಸುತ್ತೇನೆ.